ಸಾಕಮ್ಮನ ಗೋಡೆ

ಬೆಂಗಳೂರಿನ ಹಳೆಯ ಪೇಟೆಯ ಬೆನ್ನಿಗೆ, ಮೆಟ್ರೋ ಕಂಬಗಳ ನೆರಳು ಬಂದು ನಿಲ್ಲುವ ಕಡೆ, ಕಣಜದ ಪಾಳ್ಯವೆಂಬ ಚಿಕ್ಕ ಬಡಾವಣೆಯೊಂದಿದೆ. ಈಚಿನ ಕೆಲವು ವರ್ಷಗಳಿಂದ ಇದು ಚಿತ್ರದ ಗೋಡೆಗಳಿಗೆ ಹೆಸರಾಗಿದೆ. ನೀರಿನ ಟ್ಯಾಂಕಿನ ಮೈತುಂಬ ಒಂದು ಮಿಂಚುಳ್ಳಿ ರೆಕ್ಕೆ ಬಿಚ್ಚಿ ಕುಳಿತಿದೆ. ನಾಲ್ಕಂತಸ್ತಿನ ಕಟ್ಟಡದ ಪಕ್ಕೆಯ ಮೇಲೆ ಹೂ ಮಾರುವ ಮುದುಕಿಯೊಬ್ಬಳು ಮೊಣಕಾಲು ಮಡಚಿ ಕುಳಿತಿದ್ದಾಳೆ; ಅವಳ ಬುಟ್ಟಿಯಿಂದ ಚೆಲ್ಲಿದ ಸೇವಂತಿಗೆ ಕೆಳಗಿನ ಪಂಕ್ಚರ್ ಅಂಗಡಿಯ ಷಟರಿನ ಮೇಲೂ ಬಿದ್ದಿದೆ. ಗ್ಯಾರೇಜಿನ ಗೋಡೆಯಲ್ಲಿ ಆನೆಯೊಂದು ಸೈಕಲ್ಲು ತುಳಿಯುತ್ತಿದೆ. ಶನಿವಾರ, ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದವರು ಗುಂಪು ಗುಂಪಾಗಿ ಬರುತ್ತಾರೆ. ದಾರಿ ತೋರಿಸುವ ಹುಡುಗಿ ಮುಂದೆ ನಡೆಯುತ್ತ, ಇದು ಯಾರು ಬರೆದದ್ದು, ಅದು ಯಾವ ದೇಶದವರು ಬಂದು ಬರೆದದ್ದು ಎಂದು ಹೇಳುತ್ತಾಳೆ. ಗಲ್ಲಿಯ ಕೊನೆ ತಲುಪುವಷ್ಟರಲ್ಲಿ ಬಿಸಿಲೇರಿರುತ್ತದೆ, ಬಂದವರ ಕಾಲುಗಳು ಸೋತಿರುತ್ತವೆ, ಬಾಟಲಿಯ ನೀರು ಬಿಸಿಯಾಗಿರುತ್ತದೆ. ಅಲ್ಲಿ ಅವರು ಕೊನೆಯ ಗೋಡೆಯ ಮುಂದೆ ನಿಲ್ಲುತ್ತಾರೆ.

ಈ ಗೋಡೆಯಲ್ಲಿ ಮಿಂಚುಳ್ಳಿಯ ನೀಲಿಯಿಲ್ಲ, ಸೇವಂತಿಗೆಯ ಹಳದಿಯಿಲ್ಲ. ಅರ್ಧ ಗೋಡೆ ಬರಿಯ ಸುಣ್ಣ. ಇನ್ನರ್ಧದ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಮುಖಗಳು, ಸಾಲು ಸಾಲಾಗಿ, ಮಕ್ಕಳು ಬರೆದಷ್ಟು ಸರಳವಾಗಿ. ಬಿಳಿ ಎಲ್ಲಿ ನಿಂತಿದೆಯೋ ಅಲ್ಲಿ ಅಂಚು ನೆಟ್ಟಗಿಲ್ಲ. ಕುಂಚ ಹಿಡಿದವರು ಕೆಲಸದ ನಡುವೆಯೇ ಕೈಬಿಟ್ಟು ಹೋದಂತಿದೆ. ಪಕ್ಕದ ಹಸಿರು ಫಲಕದ ಮೇಲೆ ‘ಸಾಕಮ್ಮನ ಗೋಡೆ ರಸ್ತೆ’ ಎಂದು ಬರೆದಿದೆ. ಸಾಕಮ್ಮನೆಂದರೆ ಕಣಜ ಕಟ್ಟಿಸಿದ ಸಿರಿವಂತೆಯೆಂದು ಕೆಲವರು, ಗ್ರಾಮದೇವತೆಯೆಂದು ಕೆಲವರು ತಿಳಿದಿದ್ದಾರೆ. ಗೋಡೆಯ ಎದುರಿಗೆ ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವ ಕದಿರಪ್ಪನವರನ್ನು ಕೇಳಿದರೆ, ಪಾಳ್ಯದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ ಎನ್ನುತ್ತಾರೆ. ಕೇಳುವವರಿಗೆ ಪುರುಸೊತ್ತಿದ್ದರೆ, ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು, ಅದು ಒಬ್ಬಳ ಹೆಸರಲ್ಲ, ಒಬ್ಬಳ ಬಾಯಿಂದ ಬಂದ ಮಾತು ಎಂದು ಹೇಳತೊಡಗುತ್ತಾರೆ.

ಹಿಂದೆ, ನಾಲ್ಕೈದು ತಲೆಮಾರಿನ ಕೆಳಗೆ, ಈ ಗೋಡೆ ರಾಗಿ, ಭತ್ತ ತುಂಬಿಡುವ ದೊಡ್ಡ ಕಣಜದ ಹಿಂಬದಿಯ ಗೋಡೆಯಾಗಿತ್ತು. ಅದರ ಬುಡದಲ್ಲಿ ಎತ್ತುಗಳಿಗೆ ನೀರು ಕುಡಿಸುವ ಕಲ್ಲುತೊಟ್ಟಿ. ಪಾಳ್ಯದಲ್ಲಿ ಗಾಡಿ ಹೊಡೆಯುವವರು, ಮೂಟೆ ಹೊರುವವರು, ಗೋಡೆ ಮೆತ್ತುವವರು ಇದ್ದರು. ಒಂದೇ ಅಂಗಳದ ಎರಡು ಮನೆಗಳಲ್ಲಿ ಬಚ್ಚಪ್ಪ, ಪಾಪಣ್ಣ ಎಂಬ ಅಣ್ಣತಮ್ಮಂದಿರು ಬಾಳುತ್ತಿದ್ದರು. ಬಚ್ಚಪ್ಪನ ಹೆಂಡತಿ ಹೊಂಬಾಳಮ್ಮ, ಪಾಪಣ್ಣನ ಹೆಂಡತಿ ಪಿಳ್ಳಮ್ಮ. ಯುಗಾದಿಗೋ ದೀಪಾವಳಿಗೋ ಪೇಟೆಯ ಮನೆಗಳಿಗೆ ಸುಣ್ಣ ಕಾರಣೆ ಆಗಬೇಕೆಂದರೆ ಈ ಓರಗಿತ್ತಿಯರನ್ನೇ ಕರೆಸುತ್ತಿದ್ದರು. ಪಿಳ್ಳಮ್ಮ ಕತ್ತಾಳೆ ನಾರಿನ ಕುಂಚ ಅದ್ದಿ ಗೋಡೆಗೆ ಸುಣ್ಣ ಬಳಿಯುತ್ತ ಹೋಗುವಳು. ಅವಳ ಹಿಂದೆಯೇ ಹೊಂಬಾಳಮ್ಮ ಕೆಮ್ಮಣ್ಣಿನ ಮಡಕೆ ಹಿಡಿದು, ಬುಡಕ್ಕೆ ಕಾರಣೆಯ ಕೆಂಪು ಪಟ್ಟೆ ಎಳೆದು, ಬಾಗಿಲ ಎರಡು ಬದಿಗೂ ಬಳ್ಳಿ, ಗಿಳಿ, ಮದುವೆಮನೆಯಾದರೆ ಹೆಣ್ಣುಗಂಡಿನ ಹಸೆಚಿತ್ರ ಬರೆಯುವಳು. ಸುಣ್ಣ ಒಣಗುವ ಮೊದಲೇ ಗೆರೆ ಎಳೆದರೆ ಬಣ್ಣ ಕಚ್ಚಿಕೊಳ್ಳುತ್ತದೆಂದು ಹೊಂಬಾಳಮ್ಮ ಅವಸರ ಮಾಡುವಳು. ತೋಳು ಸೋತಿತೆಂದು ಪಿಳ್ಳಮ್ಮ ಗೊಣಗುವಳು. ಹಾಗೆ ಗೊಣಗಿಕೊಂಡೇ ಇಬ್ಬರೂ ಎಷ್ಟೋ ಹಬ್ಬಗಳನ್ನು ದಾಟಿಸಿದ್ದರು.

ಆ ವರ್ಷ ಊರಿಗೆ ಪ್ಲೇಗು ಬಂತು. ಮೊದಲು ಕಣಜದ ಒಳಗೆ ಇಲಿಗಳು ಸತ್ತು ಬಿದ್ದವು. ಆಮೇಲೆ ಮೂಟೆ ಹೊರುವವರ ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಸರ್ಕಾರದವರು ಊರ ಹೊರಗೆ ತಡಿಕೆಯ ಶೆಡ್ಡುಗಳನ್ನು ಹಾಕಿಸಿದರು. ಜ್ವರ ಬಂದವರನ್ನು ಗಾಡಿಗೆ ಹತ್ತಿಸಿ ಅಲ್ಲಿಗೆ ಒಯ್ಯುತ್ತಿದ್ದರು. ಮನೆಯವರು ಬೇಲಿಯ ಒಳಗೆ ಹೋಗುವಂತಿರಲಿಲ್ಲ. ಸತ್ತವರನ್ನು ಅಲ್ಲಿಂದಲೇ ನೇರ ಸುಡುಗಾಡಿಗೆ ಸಾಗಿಸುತ್ತಿದ್ದರು. ಬಾಯಿಗೆ ನೀರು ಬಿಡುವುದಿರಲಿ, ಮುಖ ನೋಡುವುದಕ್ಕೂ ಆಗುತ್ತಿರಲಿಲ್ಲ. ಹೊಂಬಾಳಮ್ಮನ ಗಂಡ ಹೋದ. ದೊಡ್ಡ ಮಗಳು ಹೋದಳು. ಚಿಕ್ಕ ಮಗನನ್ನು ಒಯ್ದ ಗಾಡಿಯ ಹಿಂದೆ ಓಡಿದವಳನ್ನು ಬೇಲಿಯ ಹತ್ತಿರ ತಡೆದರು. ಮೂರನೆಯ ದಿನ ಅವನೂ ಇಲ್ಲವೆಂದು ಸುದ್ದಿ ಬಂತು. ಅದಾದ ವಾರಕ್ಕೆ ಪಾಪಣ್ಣನಿಗೆ ಜ್ವರ ಬಂತು. ಗಾಡಿ ಹತ್ತುವಾಗ ಅವನು ಪಿಳ್ಳಮ್ಮನಿಗೆ, “ಎತ್ತಿಗೆ ಹುಲ್ಲು ಹಾಕು, ಮರೀಬ್ಯಾಡ” ಎಂದಷ್ಟೇ ಹೇಳಿದ. ಆಮೇಲೆ ಅವನ ವಿಷಯವೇ ತಿಳಿಯಲಿಲ್ಲ.

ಆಗ ಬೇನೆ ಹೊಕ್ಕ ಮನೆಗಳ ಹೆಂಚು ತೆಗೆಸಿ, ಒಳಕ್ಕೆ ಬಿಸಿಲು ಬೀಳುವಂತೆ ಮಾಡಿ, ಗೋಡೆಗೆಲ್ಲ ಸುಣ್ಣ ಬಳಿಸುತ್ತಿದ್ದರು. ಅದಕ್ಕೆ ಜನ ಬೇಕಾಗಿತ್ತು. ಆ ಕೆಲಸದ ಮೇಸ್ತ್ರಿ ಅಣ್ಣಯ್ಯಪ್ಪನೆಂಬ ಪೇಟೆಯವನೇ ಒಬ್ಬ, ಬಾಯಿಗೆ ವಸ್ತ್ರ ಕಟ್ಟಿಕೊಂಡು ಮನೆಮನೆ ತಿರುಗಿ ಸುಣ್ಣ ಬಳಿಯುವವರನ್ನು ಕೂಡಿಸುತ್ತಿದ್ದ. ಯಾರೂ ಒಪ್ಪದ ಆ ಕೆಲಸಕ್ಕೆ ಪಿಳ್ಳಮ್ಮ ತಾನಾಗಿ ಹೋದಳು. ಶೆಡ್ಡುಗಳಿಗೂ ಸುಣ್ಣ ಬಳಿಯಲು ಇವರನ್ನೇ ಕಳಿಸುತ್ತಾರೆಂದು ಯಾರೋ ಹೇಳಿದ್ದರು. ಒಂದು ದಿನ ತನ್ನ ಸರದಿ ಬರಬಹುದು, ಬೇಲಿಯೊಳಗೆ ಹೋದರೆ ಪಾಪಣ್ಣನನ್ನು ಕಾಣಬಹುದು ಎಂಬುದು ಅವಳ ಆಸೆ. ಆ ಸರದಿ ಬರಲೇ ಇಲ್ಲ. ಬೀದಿಯ ಮೇಲೆ ಬೀದಿ, ಮನೆಯ ಮೇಲೆ ಮನೆ, ಅವಳು ಬಳಿಯುತ್ತಲೇ ಹೋದಳು. ಸುಣ್ಣದ ಕಲ್ಲು ನೀರಿಗೆ ಬಿದ್ದು ಕೊತಕೊತ ಕುದಿಯುವ ಸದ್ದು ನಿದ್ದೆಯಲ್ಲೂ ಕೇಳಿಸುತ್ತಿತ್ತು. ಬೆರಳ ಸಂದಿಗಳು ಬಿರಿದು, ರೊಟ್ಟಿ ಮುರಿಯಲೂ ಉರಿಯುತ್ತಿತ್ತು. ಒಂದು ದಿನ ಮೇಸ್ತ್ರಿ ತೋರಿಸಿದ ಬಾಗಿಲು ಅವಳ ಅಂಗಳದ್ದೇ, ಹೊಂಬಾಳಮ್ಮನ ಮನೆಯದೇ ಆಗಿತ್ತು. ಅಡುಗೆಮನೆಯ ಗೋಡೆಯಲ್ಲಿ ಚಿಕ್ಕವನು ಮಸಿಕೈ ಒತ್ತಿ ಆಡಿದ ಗುರುತುಗಳಿದ್ದವು. ಪಿಳ್ಳಮ್ಮ ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು. ಹಿಂದಿನಿಂದ ಮೇಸ್ತ್ರಿ ಕೆಮ್ಮಿದ. ಅವಳು ಅದರ ಮೇಲೂ ಬಳಿದಳು.

ಸಂಜೆ ಹೊಂಬಾಳಮ್ಮ ಒಳಗೆ ಹೋಗಿ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಮೂಲೆಯಲ್ಲಿದ್ದ ಕೆಮ್ಮಣ್ಣಿನ ಮಡಕೆಯನ್ನು ಎತ್ತಿಕೊಂಡು ಹೊರಗೆ ಬಂದು ತೊಳೆದಿಟ್ಟಳು. ಮರುದಿನ ಬೆಳಗಾಗುವ ಹೊತ್ತಿಗೆ ಕಣಜದ ಹಿಂಬದಿಯ ಗೋಡೆಯ ಮೇಲೆ ಮೂರು ಮುಖಗಳು ಮೂಡಿದ್ದವು. ಹಸೆ ಬರೆಯುವ ಕೈ. ಒಂದು ಸುತ್ತು, ಎರಡು ಕಣ್ಣು, ನಾಲ್ಕು ಗೆರೆ, ಅಷ್ಟೇ. ಆದರೂ ನೋಡಿದವರು, ಇವನು ಬಚ್ಚಪ್ಪ, ಇವಳು ಅವನ ಮಗಳು, ಇದು ಚಿಕ್ಕವನು ಎಂದು ತಟ್ಟನೆ ಹೇಳುವಂತಿತ್ತು. ಎತ್ತಿಗೆ ನೀರು ಕುಡಿಸಲು ಬಂದ ಗಾಡಿಯವರು ನಿಂತು ನೋಡಿದರು. ಪಕ್ಕದ ಮನೆಯ ಹೆಂಗಸು ಬಂದು, ನನ್ನ ಅತ್ತೆಯದೂ ಬರಿ ಎಂದಳು. ಮತ್ತೊಬ್ಬಳು, ನನ್ನ ತಮ್ಮನದು ಎಂದಳು. ಕೆಲವೇ ದಿನಗಳಲ್ಲಿ ಪಾಳ್ಯದಿಂದ ಗಾಡಿ ಹತ್ತಿ ಹೋಗಿ ಹಿಂದಿರುಗದವರು ಆ ಗೋಡೆಯ ಮೇಲೆ ಸಾಲಾಗಿ ನಿಂತರು. ಜನ ಅಲ್ಲಿಗೆ ಬಂದು ಕುಂಕುಮವಿಟ್ಟು, ಎದೆ ಬಡಿದುಕೊಂಡು ಅತ್ತರು. ಮುಖ ನೋಡದೆ ಕಳುಹಿಸಿದವರಿಗೆ ಅಳುವುದಕ್ಕೆ ಬೇರೆ ಜಾಗವಿರಲಿಲ್ಲ.

ಗುಂಪು ಸೇರಿದರೆ ಬೇನೆ ಹರಡುತ್ತದೆಂದು ಮೇಲಿನವರು ಗೋಡೆಗೆ ಸುಣ್ಣ ಬಳಿಸಲು ಹೇಳಿದರು. ಮೇಸ್ತ್ರಿ ಪಿಳ್ಳಮ್ಮನನ್ನೇ ಕಳಿಸಿದ. ಹಸಿ ಸುಣ್ಣ ಏನನ್ನೂ ಮುಚ್ಚುವುದಿಲ್ಲ. ಬಳಿದ ಮೇಲೂ ಮುಖಗಳು ನೀರಿನೊಳಗಿಂದ ನೋಡಿದಂತೆ ನೋಡುತ್ತಿರುತ್ತವೆ. ಬಿಸಿಲು ಬಿದ್ದು ಒಣಗುತ್ತ ಹೋದಂತೆ ಮೆಲ್ಲಗೆ ಒಳಕ್ಕೆ ಇಳಿಯುತ್ತವೆ. ಪಿಳ್ಳಮ್ಮ ತೊಟ್ಟಿಯ ಅಂಚಿಗೆ ಕುಳಿತು ಅವು ಇಳಿಯುವುದನ್ನು ನೋಡಿ, ಮಡಕೆ ತೊಳೆದು ಹೋದಳು. ಮರುದಿನ ಬೆಳಿಗ್ಗೆ ಅವೆಲ್ಲ ಮತ್ತೆ ಅಲ್ಲೇ ಇದ್ದವು. ಅವಳು ಮತ್ತೆ ಬಳಿದಳು. ಹೊಂಬಾಳಮ್ಮ ಮತ್ತೆ ಬರೆದಳು. ಇಬ್ಬರೂ ಒಂದೇ ಅಂಗಳದಲ್ಲಿ ಎದ್ದು, ಒಂದೇ ಒಲೆಯ ಗಂಜಿ ಕುಡಿದು, ಒಬ್ಬಳು ಮಡಕೆ ಹಿಡಿದು ಕತ್ತಲು ಹರಿಯುವ ಮುಂಚೆ, ಇನ್ನೊಬ್ಬಳು ಬಿಸಿಲೇರಿದ ಮೇಲೆ, ಅದೇ ಗೋಡೆಗೆ ಹೋಗುತ್ತಿದ್ದರು. ಇದರ ಬಗ್ಗೆ ಅವರು ಮಾತಾಡಿದ್ದು ಒಮ್ಮೆ ಮಾತ್ರ ಎನ್ನುತ್ತಾರೆ.

“ಅಕ್ಕ, ಬರೆಯೋದು ಬಿಟ್ಬಿಡು. ಬಳಿಯೋಕೆ ನನ್ ಕೈಲಿ ಆಗ್ತಿಲ್ಲ” ಎಂದಳು ಪಿಳ್ಳಮ್ಮ.

“ಬಳಿಯೇ. ನಾನೇನು ಬ್ಯಾಡ ಅಂದ್ನಾ?” ಎಂದಳು ಹೊಂಬಾಳಮ್ಮ.

“ಮತ್ತೆ ನೀ ಯಾಕೆ ಬರೀತೀಯ?”

ಹೊಂಬಾಳಮ್ಮ ಒಲೆಯ ಕೆಂಡ ಕೆದಕುತ್ತ ಕುಳಿತಿದ್ದಳು. “ಚಿಕ್ಕೋನ ಮಕ ಈಗ್ಲೇ ಸರಿಯಾಗಿ ನೆಪ್ಪಾಗಲ್ಲ ಕಣೆ, ಪಿಳ್ಳಿ. ಬರೆಯೋವಾಗ ಒಂದ್ ಗಳಿಗೆ ಕಾಣ್ತದೆ. ಆಮ್ಯಾಕೆ ನೀನು ಬಳಿದ್ರೂ ಸರಿ.”

ಪಿಳ್ಳಮ್ಮ ಯಾರಿಗೂ ಹೇಳದ ಮಾತೊಂದಿತ್ತು. ಶೆಡ್ಡಿನಿಂದ ಹೆಣ ಸಾಗಿಸುವ ಗಾಡಿಯವರು ಸಂಜೆ ತೊಟ್ಟಿಗೆ ಬಂದಾಗ, ಅವತ್ತು ಯಾರು ಯಾರು ಹೋದರೆಂದು ಹೊಂಬಾಳಮ್ಮನಿಗೆ ತಿಳಿಸುತ್ತಿದ್ದರು. ಸತ್ತದ್ದು ಖಚಿತವಾಗದೆ ಅವಳು ಯಾರ ಮುಖವನ್ನೂ ಬರೆಯುತ್ತಿರಲಿಲ್ಲ. ಪಾಳ್ಯಕ್ಕೆಲ್ಲ ಇದು ಗೊತ್ತಿತ್ತು. ಹಾಗಾಗಿ ಪಿಳ್ಳಮ್ಮ ದಿನಾ ಸುಣ್ಣದ ಮಡಕೆ ಇಳಿಸಿದ ಕೂಡಲೇ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ಬರುತ್ತಿದ್ದಳು. ಹೊಸ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಪಾಪಣ್ಣ ಇರುತ್ತಿರಲಿಲ್ಲ. ಆಗ ಅವಳ ಎದೆ ತುಸು ಹಗುರಾಗುತ್ತಿತ್ತು, ಹಾಗೆ ಹಗುರಾದುದಕ್ಕೆ ಉಳಿದ ಮುಖಗಳ ಮುಂದೆ ನಾಚಿಕೆಯೂ ಆಗುತ್ತಿತ್ತು. ತಲೆ ತಗ್ಗಿಸಿ ಕುಂಚ ಅದ್ದುತ್ತಿದ್ದಳು. ಆ ದಿನಗಳಲ್ಲಿ ಗಂಡ ಬದುಕಿದ್ದಾನೆಂದು ಅವಳಿಗೆ ಹೇಳುತ್ತಿದ್ದುದು ಆ ಗೋಡೆಯೊಂದೇ.

ಹೀಗಿರುವಾಗ ಒಂದು ಸಂಜೆ ಮೇಸ್ತ್ರಿ ಅಣ್ಣಯ್ಯಪ್ಪ ಅಂಗಳಕ್ಕೆ ಬಂದ. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ದನಿ ಒಡೆದಿತ್ತು. ಕೂರೆಂದರೂ ಕೂರಲಿಲ್ಲ. “ನಾಳೆ ಬೆಳಿಗ್ಗೆ ದೊಡ್ಡೋರು ಪಾಳ್ಯ ನೋಡೋಕೆ ಬರ್ತಾರೆ. ಗೋಡೆ ಪೂರ್ತಿ ಬೆಳ್ಳಗಿರಬೇಕು. ಇಲ್ದಿದ್ರೆ ಬರೆದೋರು ಯಾರು ಅಂತ ಕೇಳ್ತಾರೆ. ಬೇನೆ ಹೊಕ್ಕ ಮನೇಲಿದ್ದೋಳು, ಹೊರಗೆ ತಿರುಗ್ತಾಳೆ ಅಂತ ಶೆಡ್ಡಿಗೆ ಹಾಕಿಸ್ತಾರೆ. ನನ್ ಕೈಲಿ ತಡೆಯೋಕಾಗಲ್ಲ” ಎಂದು ಹೇಳಿ, ಹೊಂಬಾಳಮ್ಮನ ಮುಖ ನೋಡದೆ ಹೊರಟುಹೋದ. ಶೆಡ್ಡಿಗೆ ಹೋಗಿ ಬಂದವರನ್ನು ಪಾಳ್ಯದಲ್ಲಿ ಯಾರೂ ಕಂಡಿರಲಿಲ್ಲ. ನಾಳೆ ಒಂದು ದಿನ ಬರೆಯಬೇಡವೆಂದು ಪಿಳ್ಳಮ್ಮ ಕೇಳಿಕೊಂಡಳು. ಹೊಂಬಾಳಮ್ಮ ಗಂಜಿಯ ಬಟ್ಟಲನ್ನು ಅವಳ ಮುಂದೆ ಸರಿಸಿ, ಏನೋ ಹೇಳುವವಳಂತೆ ಬಾಯಿ ತೆರೆದು, ಎದ್ದು ಒಳಗೆ ಹೋದಳು.

ಬೆಳಿಗ್ಗೆ ಪಿಳ್ಳಮ್ಮ ಬಂದಾಗ ಗೋಡೆ ತುಂಬಿತ್ತು. ಅಂದು ಅವಳು ನಡೆದು ನೋಡಲಿಲ್ಲ, ಹೊತ್ತಿರಲಿಲ್ಲ. ಬಿಸಿಲು ಬರುವುದರೊಳಗೆ ಬಳಿದು ಮುಗಿಸಿ, ದೊಡ್ಡವರು ಬರುವಷ್ಟರಲ್ಲಿ ಒಣಗಿಸಬೇಕಾಗಿತ್ತು. ಒಂದು ತುದಿಯಿಂದ ಹಿಡಿದಳು. ತೋಳು ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ. ಬಚ್ಚಪ್ಪ ಹೋದ, ಮಗಳು ಹೋದಳು, ಚಿಕ್ಕವನು ಹೋದ, ಪಕ್ಕದ ಮನೆಯ ಅತ್ತೆ ಹೋದಳು. ಗೋಡೆಯ ನಡುವಿಗೆ ಬಂದಾಗ ಕುಂಚದ ಮುಂದೆ ಒಂದು ಗಂಡಸಿನ ಮುಖವಿತ್ತು. ಎಡ ಹುಬ್ಬು ನಡುವೆ ಸೀಳಿತ್ತು. ಹುಡುಗನಾಗಿದ್ದಾಗ ಎತ್ತು ಹಾಯ್ದು ಆದ ಗಾಯ ಅದು. ಆಗಷ್ಟೇ ಆ ಮನೆಗೆ ಮದುವೆಯಾಗಿ ಬಂದಿದ್ದ ಹೊಂಬಾಳಮ್ಮನೇ ಮೈದುನನ ಹಣೆಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದಳಂತೆ. ಪಿಳ್ಳಮ್ಮನ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಸುಣ್ಣ ಕುಂಚದಿಂದ ಮೊಣಕೈಗೆ, ಮೊಣಕೈಯಿಂದ ಸೆರಗಿಗೆ ಇಳಿಯಿತು. ಆಮೇಲೆ ಅವಳು ಕುಂಚವನ್ನು ಮಡಕೆಯಲ್ಲಿಟ್ಟು ನೆಲಕ್ಕೆ ಕುಳಿತಳು.

ಹೊಂಬಾಳಮ್ಮ ತೊಟ್ಟಿಯ ಆಚೆ ನಿಂತಿದ್ದಳು. ಬೆಳಗಿನಿಂದಲೂ ಅಲ್ಲೇ ಇದ್ದಳು. ಬಂದು ಪಕ್ಕದಲ್ಲಿ ಕುಳಿತಳು.

“ಯಾವಾಗ?” ಎಂದಳು ಪಿಳ್ಳಮ್ಮ.

“ಮೊನ್ನೆನೇ ಅಂತೆ. ಗಾಡಿಯೋನು ನಿನ್ನೆ ಸಂಜೆ ಹೇಳ್ದ. ನಿಂಗೆ ಬಾಯಲ್ಲಿ ಹೇಳೋಕೆ ನೋಡ್ದೆ. ಬರಲಿಲ್ಲ.”

ಪಿಳ್ಳಮ್ಮ ಗೋಡೆಯ ಕಡೆ ತಿರುಗಿದಳು. “ಮೂಗು ಇಷ್ಟು ಚೂಪಿರಲಿಲ್ಲ ಕಣಕ್ಕ” ಎಂದಳು.

“ಇರಲಿಲ್ಲ. ನೀನೇ ತಿದ್ದು” ಎಂದು ಹೊಂಬಾಳಮ್ಮ ಕೆಮ್ಮಣ್ಣಿನ ಮಡಕೆಯನ್ನು ಅವಳ ಕಡೆಗೆ ಸರಿಸಿದಳು. ಪಿಳ್ಳಮ್ಮ ಎಂದೂ ಗೆರೆ ಎಳೆದವಳಲ್ಲ. ಬಿರಿದ ಬೆರಳನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಮಂಡಿಯೂರಿ, ಗಂಡನ ಮೂಗಿನ ತುದಿಯನ್ನು ಒಂದಿಷ್ಟು ದಪ್ಪ ಮಾಡಿದಳು. ಮತ್ತೆ ಬಂದು ಕುಳಿತಳು.

ಆ ಹೊತ್ತಿಗೆ ಮೇಸ್ತ್ರಿ ಬಂದ. ಅರ್ಧ ಬಿಳಿ, ಅರ್ಧ ಕೆಂಪಾಗಿದ್ದ ಗೋಡೆಯನ್ನೂ ಅದರ ಬುಡದಲ್ಲಿ ಕುಳಿತ ಹೆಂಗಸರನ್ನೂ ನೋಡಿದ. ಗಾಡಿಯವರು ಎತ್ತುಗಳನ್ನು ಹಿಡಿದು ತೊಟ್ಟಿಯ ಬಳಿ ನಿಂತಿದ್ದರು. “ಪಿಳ್ಳಮ್ಮ, ಇನ್ನರ್ಧ ಹಂಗೇ ಐತಲ್ಲ. ಅವ್ರು ಬರೋ ಹೊತ್ತಾಯ್ತು. ಏಳವ್ವ” ಎಂದ. ದನಿಯಲ್ಲಿ ಜೋರಿರಲಿಲ್ಲ. ಅವಳು ಅವನ ಕಡೆ ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತ, ದಿನವಿಡೀ ಹೊರೆ ಹೊತ್ತವಳು ಇಳಿಸುವಾಗ ಉಸಿರು ಬಿಡುವಂತೆ, “ಸಾಕಮ್ಮ” ಎಂದಳು. ಅಷ್ಟೇ ಅವಳು ಹೇಳಿದ್ದು. ಅದನ್ನು ಪಕ್ಕದಲ್ಲಿದ್ದ ಓರಗಿತ್ತಿಗೆ, ನೀನು ಬರೆದದ್ದು ಸಾಕು, ನಾನು ಬಳಿದದ್ದು ಸಾಕು ಎಂದು ಹೇಳಿದಳೆಂದು ಕೆಲವರು ಹೇಳುತ್ತಾರೆ. ಇಲ್ಲ, ಮನೆಮನೆ ಹೊಕ್ಕು ಎಳೆದೊಯ್ಯುತ್ತಿದ್ದ ಆ ಮಾರಿಗೆ ಹೇಳಿದಳೆಂದು ಉಳಿದವರು. ಅಂದು ಅಲ್ಲಿದ್ದ ಗಾಡಿಯವರು ಸಾಯುವವರೆಗೂ ಈ ಬಗ್ಗೆ ಒಮ್ಮತಕ್ಕೆ ಬರಲಿಲ್ಲವಂತೆ.

ಮೇಸ್ತ್ರಿ ಬಾಯಿಗೆ ಕಟ್ಟಿದ ವಸ್ತ್ರವನ್ನು ಕೆಳಗೆಳೆದು, ಗೋಡೆಯ ಕೆಂಪು ಭಾಗದ ಹತ್ತಿರ ಹೋದ. ಕೊನೆಯ ಸಾಲಿನ ಒಬ್ಬ ಮುದುಕಿಯ ಮುಖದ ಮುಂದೆ ನಿಂತ. ಅದು ಅವನ ತಾಯಿಯದೆಂದು ಅಲ್ಲಿಯವರೆಗೆ ಯಾರಿಗೂ ಅವನು ಹೇಳಿರಲಿಲ್ಲ. ಬರೆದವಳಿಗೆ ಮಾತ್ರ ಗೊತ್ತಿತ್ತು. ಹಿಂದಿರುಗಿ ಬಂದು, ಸುಣ್ಣ ಇನ್ನೂ ಅರ್ಧ ಉಳಿದಿದ್ದ ಮಡಕೆಯನ್ನು ಎತ್ತಿ ಚರಂಡಿಗೆ ಬಗ್ಗಿಸಿದ. “ಸುಣ್ಣ ಮುಗೀತು ಅಂತ ಹೇಳ್ತೀನಿ. ನೀವಿಬ್ರೂ ಮನೆಗೆ ಹೋಗಿ” ಎಂದ.

ದೊಡ್ಡವರು ಬಂದರು, ಆದರೆ ಕುದುರೆಗಾಡಿಯಿಂದ ಇಳಿಯಲಿಲ್ಲ ಎನ್ನುತ್ತಾರೆ. ಮೇಸ್ತ್ರಿಯ ಮಾತು ಕೇಳಿ, ಗೋಡೆಯ ಕಡೆ ಒಮ್ಮೆ ನೋಡಿ, ಕಣ್ಣುಜ್ಜಿಕೊಂಡು, ನಾಳೆ ಮುಗಿಸು ಎಂದು ಹೇಳಿ ಮುಂದಿನ ಬೀದಿಗೆ ಹೋದರು. ಅವರಿಗೂ ನಿದ್ದೆಯಿರಲಿಲ್ಲ. ಮರುದಿನ ಅವರು ಬೇರೆ ಪೇಟೆಗೆ ಹೋಗಬೇಕಾಯಿತು. ಈ ಗೋಡೆ ಮುಗಿಯಿತೇ ಎಂದು ಕೇಳಲು ಮತ್ತೆ ಯಾರೂ ಬರಲಿಲ್ಲ. ಬಿಸಿಲು ಬಲಿತಂತೆ ಬೇನೆಯೂ ತಗ್ಗಿತು. ಪಿಳ್ಳಮ್ಮನ ಮಾತಿಗೇ ಮಾರಿ ಹಿಂದೆ ಸರಿದಳೆಂದು ನಂಬಿದವರು ಗೋಡೆಯ ಬುಡದಲ್ಲಿ ದೀಪ ಹಚ್ಚಿದರು. ಬೇರೆ ಬೇಸಿಗೆಗಳಲ್ಲೂ ಬೇನೆ ತಗ್ಗುತ್ತಿತ್ತು, ಆದರೆ ಅದನ್ನು ದೀಪ ಹಚ್ಚುವವರಿಗೆ ಯಾರೂ ಹೇಳಲು ಹೋಗಲಿಲ್ಲ. ಎತ್ತಿಗೆ ಎಲ್ಲಿ ನೀರು ಕುಡಿಸಿದೆಯೆಂದು ಕೇಳಿದರೆ ಗಾಡಿಯವರು ‘ಸಾಕಮ್ಮ ಅಂದ ಗೋಡೆ ಹತ್ರ’ ಎನ್ನುತ್ತಿದ್ದರು. ಬಾಯಿಂದ ಬಾಯಿಗೆ ಅದು ಸವೆದು ಸಾಕಮ್ಮನ ಗೋಡೆಯಾಯಿತು.

ಓರಗಿತ್ತಿಯರಿಬ್ಬರೂ ಆಮೇಲೆ ಒಂದೇ ಮನೆಯಲ್ಲಿ ಬಾಳಿದರು. ಪಾಪಣ್ಣನ ಎತ್ತುಗಳನ್ನು ಪಿಳ್ಳಮ್ಮ ಕೊನೆಯವರೆಗೂ ಮಾರಲಿಲ್ಲ. ಹಬ್ಬ ಬಂದಾಗ ಪೇಟೆಯ ಮನೆಗಳಿಗೆ ಮತ್ತೆ ಸುಣ್ಣ ಕಾರಣೆಗೆ ಹೋಗತೊಡಗಿದರು. ಅವಳು ಅವಸರ ಮಾಡುವುದು, ಇವಳು ಗೊಣಗುವುದು ಮೊದಲಿನಂತೆಯೇ ನಡೆಯಿತು. ಯುಗಾದಿಯ ಮುಂಚೆ ಒಂದು ದಿನ ಮಾತ್ರ ಕಣಜದ ಗೋಡೆಗೆ ಬರುತ್ತಿದ್ದರು. ಮಳೆಗೆ ತೊಳೆದುಹೋದ ಅರ್ಧಕ್ಕೆ ಪಿಳ್ಳಮ್ಮ ಸುಣ್ಣ ಬಳಿಯುವಳು. ಮಾಸಿದ ಅರ್ಧವನ್ನು ಹೊಂಬಾಳಮ್ಮ ತಿದ್ದುವಳು. ಎರಡೂ ಸೇರುವ ಕಡೆ ಬಂದಾಗ ಪಿಳ್ಳಮ್ಮ ಕುಂಚ ಕೆಳಗಿಡುವಳು. ಅವರು ತೀರಿಕೊಂಡ ಮೇಲೆ ಪಾಳ್ಯದ ಬೇರೆ ಹೆಂಗಸರು ಅದನ್ನು ಮುಂದುವರಿಸಿದರು.

ಈಗ ಕಣಜವಿಲ್ಲ. ಅದರ ಜಾಗದಲ್ಲಿ ಕೊರಿಯರ್ ಕಂಪನಿಯೊಂದರ ಗೋಡೌನು ಇದೆ, ಹಳೆಯ ಗೋಡೆಯೊಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಬಣ್ಣದ ಡಬ್ಬಿಗಳೊಂದಿಗೆ ಬಂದ ಕಲಾವಿದರು ಮೊದಲು ಈ ಗೋಡೆಯನ್ನೇ ಕೇಳಿದ್ದರಂತೆ, ಉದ್ದವಾಗಿದೆ, ಬೆಳಕೂ ಚೆನ್ನಾಗಿದೆ ಎಂದು. ಪಾಳ್ಯದವರು ಉಳಿದ ಯಾವ ಗೋಡೆಯನ್ನಾದರೂ ತೆಗೆದುಕೊಳ್ಳಿ ಎಂದರು. ಹಾಗೆ ಮಿಂಚುಳ್ಳಿ ಟ್ಯಾಂಕಿನ ಮೇಲೆ ಹೋಗಿ ಕುಳಿತಿತು. ನೋಡಲು ಬಂದವರಲ್ಲಿ ಹೆಚ್ಚಿನವರು ಇಲ್ಲಿ ನೀರು ಕುಡಿದು, ಒಂದು ಫೋಟೋ ತೆಗೆದು, ಆಟೋ ಕರೆಯುತ್ತಾರೆ. ಹತ್ತಿರ ಹೋಗಿ ನೋಡುವವರು ಕಡಿಮೆ. ನೋಡಿದವರಿಗೆ, ಕೆಂಪು ಭಾಗದ ಹಳೆಯ ಮುಖಗಳು ವರ್ಷ ವರ್ಷ ತಿದ್ದಿಸಿಕೊಂಡು ಒಂದರಂತೆ ಒಂದು ಆಗಿಬಿಟ್ಟಿರುವುದು ಕಾಣುತ್ತದೆ. ಯಾರು ಪಾಪಣ್ಣ, ಯಾರು ಮೇಸ್ತ್ರಿಯ ತಾಯಿ ಎಂದು ಕದಿರಪ್ಪನವರೂ ಹೇಳಲಾರರು. ತುದಿಯ ಸಾಲೊಂದು ಮಾತ್ರ ಬೇರೆ ಥರ ಇದೆ. ಕೊರೊನಾದ ಎರಡನೆಯ ವರ್ಷದ ಬೇಸಿಗೆಯಲ್ಲಿ, ಆಸ್ಪತ್ರೆಗೆ ಹೋದವರು ಚೀಲದಲ್ಲಿ ಸುತ್ತಿಸಿಕೊಂಡು ನೇರ ಚಿತಾಗಾರಕ್ಕೆ ಹೋಗುತ್ತಿದ್ದ ದಿನಗಳಲ್ಲಿ, ಆ ಸಾಲು ಅಲ್ಲಿ ಸೇರಿತು. ಯಾರು ಬರೆದರೆಂದು ಯಾರೂ ಕೇಳಲಿಲ್ಲ. ಅದೇ ಕೆಮ್ಮಣ್ಣು, ಅದೇ ನಾಲ್ಕು ಗೆರೆ. ಆ ಮುಖಗಳಲ್ಲಿ ಕೆಲವಕ್ಕೆ ಕನ್ನಡಕವಿದೆ.